ಮಂಕಿ ಕ್ಯಾಪ್, ಕೋಳಿಗೂಡು ಮತ್ತು ಯುದ್ಧದ ಚಳಿಗಾಲ

ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಟ್ರಂಕಿನ ತಳದಿಂದ ಸ್ವೆಟರುಗಳು ನುಸಿಗುಳಿಗೆಯ ವಾಸನೆಯ ಸಮೇತ ಹೊರಬರುತ್ತವೆ. ಬೆಳಗಿನ ಮಂಜಿನಲ್ಲಿ ಹಾಲಿನವನಿಂದ ಹಿಡಿದು ವಾಕಿಂಗಿಗೆ ಹೊರಟ ನಿವೃತ್ತ ಮೇಷ್ಟರವರೆಗೆ ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಟೊಪ್ಪಿ. ಕಿವಿ, ಕೆನ್ನೆ, ಕುತ್ತಿಗೆಯನ್ನೆಲ್ಲ ಮುಚ್ಚಿ ಮುಖವನ್ನಷ್ಟೇ ಹೊರಗೆ ಬಿಡುವ ಆ ಟೊಪ್ಪಿಗೆ ನಾವು ತಮಾಷೆಯಾಗಿ ಮಂಕಿ ಕ್ಯಾಪ್ ಎನ್ನುತ್ತೇವೆ. ಇಂಗ್ಲಿಷರು ಅದಕ್ಕೆ ಕೊಟ್ಟ ಹೆಸರು ಬಾಲಕ್ಲಾವಾ. ಅದು ಒಂದು ಯುದ್ಧಭೂಮಿಯ ಹೆಸರು.

ಕಪ್ಪು ಸಮುದ್ರದ ದಂಡೆಯ ಕ್ರಿಮಿಯಾದಲ್ಲಿ ಬಾಲಕ್ಲಾವಾ ಎಂಬ ಬಂದರು ಊರಿದೆ. 1854ರ ಅಕ್ಟೋಬರ್ 25ರಂದು ಅಲ್ಲಿ ಬ್ರಿಟಿಷರಿಗೂ ರಷ್ಯನ್ನರಿಗೂ ಕಾಳಗ ನಡೆಯಿತು. ಕಾಳಗಕ್ಕಿಂತ ಕ್ರೂರವಾದದ್ದು ಅದರ ಹಿಂದೆಯೇ ಬಂದ ಚಳಿಗಾಲ. ನವೆಂಬರಿನ ಬಿರುಗಾಳಿಗೆ ಸಿಕ್ಕಿ ಸೈನಿಕರ ಬೆಚ್ಚನೆಯ ಉಡುಪು ಹೊತ್ತಿದ್ದ ಹಡಗು ಮುಳುಗಿತು. ಸೈನಿಕರು ಚಳಿಯಲ್ಲಿ ನಡುಗುವ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಇಂಗ್ಲೆಂಡಿನ ಹೆಂಗಸರು ಕಡ್ಡಿ, ಉಣ್ಣೆ ಹಿಡಿದು ಕುಳಿತರು. ಅವರು ಹೆಣೆದು ಕಳಿಸಿದ ಟೊಪ್ಪಿಗಳಿಗೆ ಮುಂದೆ ಆ ಊರಿನ ಹೆಸರೇ ನಿಂತಿತು. ಎದುರಿಗೆ ಗುಂಡಿ ಹಾಕಿಕೊಳ್ಳುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದೂ ಅದೇ ಕಾಳಗದಲ್ಲಿ ಕುದುರೆ ಪಡೆಯನ್ನು ಮುನ್ನಡೆಸಿದ ಕಾರ್ಡಿಗನ್ ಪ್ರಭುವಿನಿಂದ.

ಹೀಗೆ ಹೆಣಿಗೆಗೂ ಯುದ್ಧಕ್ಕೂ ಹಳೆಯ ನಂಟು. ಆದರೆ ಆ ನಂಟು ಮನೆಯ ಮೂಲೆ ಮೂಲೆಗೂ ಹಬ್ಬಿದ್ದು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ. 1939ರಿಂದ 1945ರವರೆಗಿನ ಆ ಆರು ಚಳಿಗಾಲಗಳಲ್ಲಿ ಉಣ್ಣೆಯ ಉಂಡೆ ಮಾತ್ರವಲ್ಲ, ಹಿತ್ತಲ ಕೋಳಿಯೂ ಒಲೆಯ ಮುಂದೆ ಮಲಗುವ ನಾಯಿ ಬೆಕ್ಕುಗಳೂ ಸರ್ಕಾರದ ಲೆಕ್ಕಕ್ಕೆ ಬಂದವು. ಮನೆಯಲ್ಲಿ ಯಾವುದು ಉಪಯೋಗದ್ದು, ಯಾವುದು ಹೊರೆ ಎಂಬ ಪ್ರಶ್ನೆಯನ್ನು ಪ್ರತಿ ಸಂಸಾರವೂ ಎದುರಿಸಬೇಕಾಯಿತು. ಕೆಲವರು ಅದಕ್ಕೆ ಕೊಟ್ಟ ಉತ್ತರ ಇಂದಿಗೂ ಮನಸ್ಸನ್ನು ಕಲಕುತ್ತದೆ.

ಗೃಹಿಣಿಯ ದಿನಚರಿ

ಆ ದಿನಗಳ ಮನೆವಾರ್ತೆ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಒಂದು ಕಾರಣವಿದೆ. ಸಾಮಾನ್ಯ ಜನರ ನಿತ್ಯಜೀವನವನ್ನು ದಾಖಲಿಸಲೆಂದು 1937ರಲ್ಲಿ ಅಲ್ಲಿ ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆ ಹುಟ್ಟಿತ್ತು. ಅದರ ಕೋರಿಕೆಯಂತೆ ನೂರಾರು ಮಂದಿ ದಿನಚರಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅವರಲ್ಲಿ ಹೆಸರಾದವರು ನೆಲ್ಲಾ ಲಾಸ್ಟ್. ಹಡಗು ಕಟ್ಟುವ ಊರಾದ ಬ್ಯಾರೋ-ಇನ್-ಫರ್ನೆಸ್‌ನ ಗೃಹಿಣಿ. ಯುದ್ಧ ಶುರುವಾದಾಗ ಆಕೆಗೆ 49 ವರ್ಷ, ಬೆಳೆದ ಇಬ್ಬರು ಗಂಡುಮಕ್ಕಳು. ಮನೆಯಲ್ಲಿ ಸಾಲ್ ಎಂಬ ಮುದಿ ನಾಯಿ, ಮರ್ಫಿ ಎಂಬ ಬೆಕ್ಕು. ಹಿತ್ತಲ ಹುಲ್ಲುಹಾಸು ಅಗೆದು ತರಕಾರಿ ಹಾಕಿದರು, ಕೋಳಿ ಸಾಕಿದರು. ಚಿಂದಿ ಬಟ್ಟೆಯಲ್ಲಿ ಆಸ್ಪತ್ರೆಯ ಮಕ್ಕಳಿಗೆ ಗೊಂಬೆ ಹೊಲಿದರು. ಮಹಿಳಾ ಸ್ವಯಂಸೇವಕಿಯರ ಪಡೆಯಲ್ಲಿ ದುಡಿದರು. ಆ ದಿನಚರಿಯ ಆಯ್ದ ಭಾಗಗಳು 1981ರಲ್ಲಿ ಪುಸ್ತಕವಾಗಿ ಬಂದಾಗ, ಯುದ್ಧದ ಚರಿತ್ರೆಯನ್ನು ಅಡುಗೆಮನೆಯ ಕಿಟಕಿಯಿಂದಲೂ ನೋಡಬಹುದು ಎಂದು ಓದುಗರಿಗೆ ತಿಳಿಯಿತು.

ಆ ಕಿಟಕಿಯಾಚೆ ಮೊದಲು ಕಂಡದ್ದು ಚಳಿ. 1940ರ ಜನವರಿಯಷ್ಟು ಥಂಡಿಯ ತಿಂಗಳನ್ನು ಬ್ರಿಟನ್ 45 ವರ್ಷಗಳಿಂದ ಕಂಡಿರಲಿಲ್ಲ. ಥೇಮ್ಸ್ ನದಿ ಕೆಲವೆಡೆ ಹೆಪ್ಪುಗಟ್ಟಿತು. ಶತ್ರುವಿಗೆ ಅನುಕೂಲವಾದೀತೆಂದು ಹವಾಮಾನದ ಸುದ್ದಿ ಪ್ರಕಟಿಸುವಂತಿರಲಿಲ್ಲ. ರಾತ್ರಿ ಬೀದಿದೀಪವಿಲ್ಲ, ಕಿಟಕಿಗಳಿಗೆ ಕಪ್ಪು ಪರದೆ. ಅದೇ ತಿಂಗಳ 8ರಂದು ಬೆಣ್ಣೆ, ಸಕ್ಕರೆ ಮತ್ತು ಉಪ್ಪು ಹಚ್ಚಿದ ಹಂದಿಮಾಂಸಕ್ಕೆ ರೇಷನ್ ಜಾರಿಗೆ ಬಂತು. ಕತ್ತಲಲ್ಲಿ ಬಾಗಿಲು ಹಾಕಿಕೊಂಡು ಒಲೆಯ ಸುತ್ತ ಕುಳಿತವರ ಕೈಗೆ ಸಹಜವಾಗಿ ಬಂದದ್ದು ಹೆಣಿಗೆ ಕಡ್ಡಿ.

ಬಿಚ್ಚಿದರೆ ಮತ್ತೆ ದಾರ

ಹೆಣಿಗೆಯ ಗುಟ್ಟು ತಿಳಿಯಬೇಕಾದರೆ ನಮ್ಮ ಕಂಬಳಿಯ ಪಕ್ಕ ಒಂದು ಸ್ವೆಟರ್ ಇಟ್ಟು ನೋಡಬೇಕು. ಕಂಬಳಿ ನೇಯ್ದದ್ದು. ಮಗ್ಗದಲ್ಲಿ ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ; ನೂರಾರು ಎಳೆಗಳು ಒಂದನ್ನೊಂದು ಅಡ್ಡಹಾಯುತ್ತವೆ. ಸ್ವೆಟರಿನಲ್ಲಿ ಹಾಗಲ್ಲ. ಒಂದೇ ದಾರ ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎದ್ದು ಬರುತ್ತದೆ. ಹೀಗೆ ಸಾಲಿನ ಮೇಲೆ ಸಾಲು. ಕುಣಿಕೆಗಳಿರುವುದರಿಂದಲೇ ಸ್ವೆಟರ್ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮೈಗೆ ಒಗ್ಗುತ್ತದೆ. ಉಣ್ಣೆಯ ಗುಂಗುರು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಅಡ್ಡಗೋಡೆ. ನಮ್ಮನ್ನು ಬೆಚ್ಚಗಿಡುವುದರಲ್ಲಿ ಉಣ್ಣೆಯಷ್ಟೇ ಪಾಲು ಅದು ಹಿಡಿದಿಟ್ಟ ಗಾಳಿಗೂ ಇದೆ.

ಹೆಣೆದ ಬಟ್ಟೆಗೆ ಇನ್ನೊಂದು ಗುಣವುಂಟು. ತುದಿ ಹಿಡಿದು ಜಗ್ಗಿದರೆ ಕುಣಿಕೆಗಳು ಸರಸರ ಬಿಚ್ಚಿ ಪೂರಾ ದಾರ ವಾಪಸು ಕೈಗೆ ಬರುತ್ತದೆ. ಹೊಲಿದ ಅಂಗಿಯನ್ನು ಹೀಗೆ ಹಿಂದಕ್ಕೆ ಒಯ್ಯಲಾಗದು. 1941ರ ಜೂನ್ 1ರಂದು ಬಟ್ಟೆಗೂ ರೇಷನ್ ಬಂದಾಗ ಈ ಗುಣಕ್ಕೆ ಬೆಲೆ ಬಂತು. ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸಿನ ಒಂದು ಓವರ್‌ಕೋಟಿಗೇ 16 ಹೋಗುತ್ತಿತ್ತು. ಹೆಣಿಗೆಯ ಉಣ್ಣೆಗೂ ಕೂಪನ್ ತೆರಬೇಕು. ಹಳೆಯದನ್ನು ಬಿಚ್ಚಿ ಹೆಣೆದರೆ ಏನೂ ಕೊಡಬೇಕಿಲ್ಲ. ಅಪ್ಪನ ಹಳೆಯ ಸ್ವೆಟರನ್ನು ಬಿಚ್ಚಿ, ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಸುಕ್ಕು ಹೋಗಲೆಂದು ಜೋತುಬಿಟ್ಟು, ಒಣಗಿದ ಮೇಲೆ ಮಗನ ಕಾಲುಚೀಲ ಹೆಣೆಯುವುದು ಮನೆಮನೆಯ ಕೆಲಸವಾಯಿತು. ‘ಇದ್ದುದರಲ್ಲೇ ಸುಧಾರಿಸಿ, ಹರಿದದ್ದನ್ನು ತೇಪೆ ಹಾಕಿ’ ಎಂಬ ಅರ್ಥದ ಹೆಸರಿಟ್ಟು ಸರ್ಕಾರವೇ 1943ರಲ್ಲಿ ಕೈಪಿಡಿ ಹೊರಡಿಸಿತು. ಬಾಂಬಿನ ರಾತ್ರಿಗಳಲ್ಲಿ ಲಂಡನ್ನಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮಲಗಲು ಬಂದ ಹೆಂಗಸರೂ ಹೆಣೆಯುತ್ತಿದ್ದರು. ದೂರದ ಸೈನಿಕನಿಗೆ ಟೊಪ್ಪಿ, ಕೈಗವಸು. ಮೇಲೆ ಸದ್ದಾದಾಗ ತಮ್ಮ ಕೈಗೂ ಒಂದು ಕೆಲಸ.

ಚಳಿಗಾಲದ ಮೊಟ್ಟೆ

ಉಣ್ಣೆಯಂತೆ ಮೊಟ್ಟೆಗೂ ಬರ. 1941ರ ಜೂನಿನಿಂದ ದೊಡ್ಡವರಿಗೆ ವಾರಕ್ಕೆ ಒಂದು ಮೊಟ್ಟೆ, ಅದೂ ಸಿಕ್ಕಿದರೆ. 1942ರಿಂದ ಅಮೆರಿಕದ ಮೊಟ್ಟೆ ಪುಡಿ ಡಬ್ಬಿಯಲ್ಲಿ ಬಂತು. ಹಸಿವಿಗೆ ಆಯಿತು, ರುಚಿಗೆ ಆಗಲಿಲ್ಲ. ಹಾಗಾಗಿ ಪಟ್ಟಣದ ಸಂಸಾರಗಳೂ ಹಿತ್ತಲಲ್ಲಿ ಹಳೆಯ ಹಲಗೆ ಜೋಡಿಸಿ ಗೂಡು ಕಟ್ಟಿದವು. ಅಂಗಡಿಯ ಮೊಟ್ಟೆಯ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಸರ್ಕಾರ ಅದರ ಬದಲಿಗೆ ಕೋಳಿ ಹಿಟ್ಟು ಕೊಡುತ್ತಿತ್ತು. ಆ ಹಿಟ್ಟನ್ನು ಬೇಯಿಸಿದ ಆಲೂಗಡ್ಡೆ ಸಿಪ್ಪೆ, ಎಲೆಕೋಸಿನ ಹೊರ ಎಲೆಯೊಂದಿಗೆ ಕಲಸಿ ಬಿಸಿಬಿಸಿಯಾಗಿ ಹಾಕಬೇಕು. ಅದು ಬೇಯುವ ವಾಸನೆ ಮನೆಯನ್ನೆಲ್ಲ ತುಂಬುತ್ತಿತ್ತು.

ಆದರೆ ಕೋಳಿ ಸರ್ಕಾರದ ಮಾತು ಕೇಳುವುದಿಲ್ಲ. ಅದು ಕೇಳುವುದು ಸೂರ್ಯನ ಮಾತು. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಬೆಳಕು ಮೆದುಳಿಗೆ ತಾಗಿ ಮೊಟ್ಟೆ ರೂಪಿಸುವ ರಸಗಳನ್ನು ಎಬ್ಬಿಸುತ್ತದೆ. ಡಿಸೆಂಬರಿನ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗಿಂತ ಕೊಂಚವೇ ಕಡಿಮೆ. ಅದಕ್ಕೆ ಮೊದಲೇ ಕೋಳಿ ಹಳೆಯ ಗರಿ ಉದುರಿಸಿ ಹೊಸದು ತೊಡುವುದರಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದಿರುತ್ತದೆ. ಹೀಗಾಗಿ ಚಳಿಗಾಲ ಬಂದರೆ ಗೂಡು ಬರಿದು. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ಗಿಡ್ಡ ಹಗಲೂ 11 ಗಂಟೆಗೆ ಮೀರಿರುವುದರಿಂದ ಈ ಏರಿಳಿತ ನಮ್ಮ ಹಿತ್ತಲುಗಳಲ್ಲಿ ಅಷ್ಟಾಗಿ ಎದ್ದು ಕಾಣದು. ಬ್ರಿಟನ್ನಿನ ಗೃಹಿಣಿಯರು ವಸಂತದಲ್ಲಿ ಹೆಚ್ಚಾದ ಮೊಟ್ಟೆಗಳನ್ನು ಸೋಡಿಯಂ ಸಿಲಿಕೇಟ್ ಕರಗಿಸಿದ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಅದು ಚಿಪ್ಪಿನ ಸಣ್ಣ ರಂಧ್ರಗಳನ್ನು ಮುಚ್ಚುವುದರಿಂದ ಮೊಟ್ಟೆ ತಿಂಗಳುಗಟ್ಟಲೆ ಕೆಡದು. ನಮ್ಮಲ್ಲಿ ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ ಮಾಡಿಟ್ಟಂತೆ ಅಲ್ಲಿ ಚಳಿಗಾಲಕ್ಕೆ ಮೊಟ್ಟೆಯ ಭರಣಿ.

ಆಹಾರ ಪೋಲು ಮಾಡುವುದು 1940ರಿಂದಲೇ ಅಪರಾಧ. ಹಕ್ಕಿಗಳಿಗೆ ಬ್ರೆಡ್ ಚೂರು ಎಸೆದದ್ದಕ್ಕೆ ಕೋರ್ಟಿನಲ್ಲಿ ದಂಡ ಬಿದ್ದದ್ದೂ ಉಂಟು. ಗೋದಾಮಿನಲ್ಲಿ ಇಲಿ ಹಿಡಿಯುವ ಬೆಕ್ಕುಗಳಿಗೆ ಹಾಲಿನ ಪುಡಿಯ ಪಾಲು ಸಿಕ್ಕಿತು. ಸುಮ್ಮನೆ ಮಡಿಲಲ್ಲಿ ಮಲಗುವ ಬೆಕ್ಕಿಗೆ ಇಲ್ಲ. ಕೋಳಿ ಮೊಟ್ಟೆ ಕೊಡುತ್ತದೆ, ಗೋದಾಮಿನ ಬೆಕ್ಕು ಧಾನ್ಯ ಉಳಿಸುತ್ತದೆ. ಒಲೆಯ ಮುಂದಿನ ನಾಯಿ ಏನು ಕೊಡುತ್ತದೆ?

ಯಾರೂ ಆಜ್ಞೆ ಮಾಡಿರಲಿಲ್ಲ

ಈ ಪ್ರಶ್ನೆಗೆ ಬಹಳ ಮಂದಿ ಯುದ್ಧದ ಮೊದಲ ವಾರದಲ್ಲೇ ಉತ್ತರ ಕೊಟ್ಟುಬಿಟ್ಟಿದ್ದರು. 1939ರ ಬೇಸಿಗೆಯಲ್ಲಿ, ವಾಯುದಾಳಿ ಕಾಲದಲ್ಲಿ ಪ್ರಾಣಿಗಳ ರಕ್ಷಣೆಗೆಂದು ರಚಿತವಾದ ರಾಷ್ಟ್ರೀಯ ಸಮಿತಿಯೊಂದು ಕರಪತ್ರ ಹೊರಡಿಸಿತು. ಸಾಧ್ಯವಾದರೆ ನಾಯಿ ಬೆಕ್ಕುಗಳನ್ನು ಹಳ್ಳಿಗೆ ಕಳಿಸಿ. ನೋಡಿಕೊಳ್ಳುವವರು ಯಾರೂ ಸಿಗದಿದ್ದರೆ ಕೊಲ್ಲಿಸುವುದೇ ದಯೆ ಎಂಬುದು ಅದರ ಸಲಹೆ. ಪ್ರಾಣಿಗಳನ್ನು ಕೊಲ್ಲುವ ಪಿಸ್ತೂಲಿನ ಜಾಹೀರಾತೂ ಅದರಲ್ಲಿತ್ತು. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಪಶುವೈದ್ಯರ, ಪ್ರಾಣಿದಯಾ ಸಂಘಗಳ ಬಾಗಿಲಲ್ಲಿ ಉದ್ದುದ್ದ ಸಾಲು. ನಿಲ್ಲಿ, ದುಡುಕಬೇಡಿ ಎಂದು ಆ ಸಂಘಗಳೇ ಬೇಡಿಕೊಂಡರೂ ಕೇಳುವವರಿರಲಿಲ್ಲ. ಕ್ಲೋರೋಫಾರ್ಮ್ ದಾಸ್ತಾನೇ ಮುಗಿದುಹೋಯಿತು. ಆ ಒಂದು ವಾರದಲ್ಲಿ ಲಂಡನ್ ಒಂದರಲ್ಲೇ ಸುಮಾರು ನಾಲ್ಕು ಲಕ್ಷ ನಾಯಿ ಬೆಕ್ಕುಗಳು ಸತ್ತವು, ಅಂದರೆ ನಗರದ ಸಾಕುಪ್ರಾಣಿಗಳಲ್ಲಿ ಕಾಲುಭಾಗ ಎಂದು ಈ ಬಗ್ಗೆ 2017ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ಹಿಲ್ಡಾ ಕೀನ್ ಲೆಕ್ಕ ಹಾಕಿದ್ದಾರೆ.

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಇಲ್ಲಿ ಹಾಗೆ ಹೋದವು ಮನೆಯ ಮಕ್ಕಳಂತಿದ್ದ ಪ್ರಾಣಿಗಳು. ಸರ್ಕಾರದ ಆಜ್ಞೆ ಇರಲಿಲ್ಲ. ನಾಯಿ ಆಹಾರಕ್ಕೆ ಆಗ ರೇಷನ್ ಇರಲಿಲ್ಲ. ಬಾಂಬೂ ಬಿದ್ದಿರಲಿಲ್ಲ, ಲಂಡನ್ನಿನ ಮೇಲೆ ಸತತ ಬಾಂಬ್ ದಾಳಿ ಶುರುವಾದದ್ದು ಪೂರ್ತಿ ಒಂದು ವರ್ಷದ ನಂತರ, 1940ರ ಸೆಪ್ಟೆಂಬರ್ 7ರಂದು. ಕೊಂದದ್ದು ಭಯ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕಾಲುಭಾಗ ಹೋಯಿತೆಂದರೆ ಮುಕ್ಕಾಲು ಭಾಗ ಉಳಿಯಿತು. ತಮ್ಮ ಪಾಲಿನಲ್ಲೇ ತುತ್ತು ಹಂಚಿ ಸಾಕಿದವರ ಸಂಖ್ಯೆಯೇ ದೊಡ್ಡದು. ಸಾರ್ವಜನಿಕ ಆಶ್ರಯತಾಣಗಳಲ್ಲಿ ನಾಯಿಗೆ ಪ್ರವೇಶವಿಲ್ಲವೆಂದು ಬಾಂಬಿನ ರಾತ್ರಿಯೂ ಮನೆಯಲ್ಲೇ ಉಳಿದವರಿದ್ದರು. ಲಂಡನ್ನಿನ ಬ್ಯಾಟರ್‌ಸೀ ನಾಯಿಮನೆ ಕೈಬೆರಳೆಣಿಕೆಯ ಸಿಬ್ಬಂದಿಯಿಂದಲೇ ಯುದ್ಧಕಾಲದಲ್ಲಿ 1,45,000 ನಾಯಿಗಳನ್ನು ನೋಡಿಕೊಂಡಿತು. ನೆಲ್ಲಾ ಲಾಸ್ಟ್ ತಮ್ಮ ಮುದಿ ಸಾಲ್‌ನನ್ನು ಬಿಟ್ಟುಕೊಡಲಿಲ್ಲ. 1941ರ ವಸಂತದಲ್ಲಿ ಬ್ಯಾರೋ ಮೇಲೆ ಬಾಂಬು ಬಿದ್ದು ಮನೆ ಜಖಂಗೊಂಡ ದಿನಗಳಲ್ಲೂ ನಾಯಿ ಬೆಕ್ಕು ಜೊತೆಗಿದ್ದವು.

ಏನು ಕೊಡುತ್ತದೆ ಎಂಬ ಪ್ರಶ್ನೆಗೂ ಉತ್ತರ ಬಂತು. ಬ್ಯೂಟಿ ಎಂಬ ಟೆರಿಯರ್ ನಾಯಿ ಬಾಂಬ್ ಬಿದ್ದ ಕಟ್ಟಡಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದ 63 ಪ್ರಾಣಿಗಳನ್ನು ಪತ್ತೆ ಮಾಡಿತು. 1942ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಬ್ರಿಟಿಷ್ ವಿಮಾನವೊಂದು ಉತ್ತರ ಸಮುದ್ರಕ್ಕೆ ಬಿದ್ದಾಗ ಅದರಲ್ಲಿದ್ದ ವಿಂಕಿ ಎಂಬ ಪಾರಿವಾಳ, ಎಣ್ಣೆ ಮೆತ್ತಿದ ರೆಕ್ಕೆಯಲ್ಲೇ ಸುಮಾರು 190 ಕಿಲೋಮೀಟರ್ ಹಾರಿ ಸ್ಕಾಟ್ಲೆಂಡಿನ ತನ್ನ ಗೂಡು ಸೇರಿತು. ಅದು ಬಂದ ಹೊತ್ತು, ಗಾಳಿಯ ದಿಕ್ಕು ಲೆಕ್ಕ ಹಾಕಿ ಹುಡುಕಿದಾಗ ನಾಲ್ವರು ಸಿಬ್ಬಂದಿ ಜೀವಂತ ಸಿಕ್ಕರು. 1943ರಲ್ಲಿ ಪ್ರಾಣಿಗಳ ಶೌರ್ಯಕ್ಕೆಂದು ಡಿಕಿನ್ ಪದಕ ಸ್ಥಾಪಿಸಿದಾಗ ಮೊದಲು ಪಡೆದ ಮೂರು ಪಾರಿವಾಳಗಳಲ್ಲಿ ವಿಂಕಿಯೂ ಒಂದು.

ಹಾಗೆಂದು ಪದಕ ಗೆದ್ದದ್ದಕ್ಕೇ ಪ್ರಾಣಿಗಳ ಬೆಲೆ ಎಂದರೆ ಅದೂ ಉಪಯೋಗದ ಲೆಕ್ಕವೇ ಆಯಿತು. ಸಾಲ್ ಯಾರನ್ನೂ ಕಾಪಾಡಲಿಲ್ಲ, ಪದಕ ಗೆಲ್ಲಲಿಲ್ಲ. ಮಕ್ಕಳು ಮನೆಬಿಟ್ಟು ಹೋದ ಮೇಲೆ ಒಬ್ಬ ಹೆಂಗಸಿನ ಕಾಲಬುಡದಲ್ಲಿ ಮಲಗಿತ್ತು, ಅಷ್ಟೇ.

ಇದು ಪರದೇಶದ ಹಳೆಯ ಕಥೆ ಎಂದು ಮಡಚಿಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ, ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಮಾತಿಗೆ ನಮ್ಮಲ್ಲಿ ಕೋಳಿಯ ಧಾರಣೆ ನೆಲಕಚ್ಚಿತು. ಬೆಳಗಾವಿ ಜಿಲ್ಲೆಯಲ್ಲಿ ಸಾಕಣೆದಾರರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಸುರಿದರು. ಅದೇ ದಿನಗಳಲ್ಲಿ ರೋಗ ತಗಲೀತೆಂದು ಸಾಕಿದ ನಾಯಿಗಳನ್ನು ಬೀದಿಗೆ ಬಿಟ್ಟವರೂ ಇದ್ದರು. ಅಲ್ಲಿಯೂ ಆಜ್ಞೆ ಇರಲಿಲ್ಲ, ಕೋಳಿಯಲ್ಲಿ ಆ ರೋಗವೂ ಇರಲಿಲ್ಲ.

ಹೆಣಿಗೆ ಗೊತ್ತಿದ್ದವರಿಗೆ ಒಂದು ಸಮಾಧಾನವಿದೆ. ಮನೆ ತಪ್ಪಿದರೆ ನಾಲ್ಕು ಸಾಲು ಬಿಚ್ಚಿ ಮತ್ತೆ ಹೆಣೆಯಬಹುದು, ದಾರ ಎಲ್ಲಿಗೂ ಹೋಗುವುದಿಲ್ಲ. ಭಯದಲ್ಲಿ ಮಾಡಿದ ಕೆಲವು ಕೆಲಸಗಳನ್ನು ಹಾಗೆ ಬಿಚ್ಚಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಮಂಕಿ ಕ್ಯಾಪ್ ಏರಿಸಿ ಹೊರಡುವಾಗ ಬಾಗಿಲಲ್ಲಿ ಮುದುಡಿ ಮಲಗಿದ ನಾಯಿ ಕಂಡರೆ, ಹಳೆಯ ಗೋಣಿತಾಟೊಂದನ್ನು ಅದರ ಕೆಳಗೆ ಹಾಸಿ ಹೋಗಬಹುದು. ಅದಕ್ಕೆ ಕೂಪನ್ ಬೇಕಿಲ್ಲ.