ಹಾಡು ಕೇಳುವ ಮೈಕು ಕುಕ್ಕರನ್ನೂ ಕೇಳುತ್ತೆ!

ಮೈಸೂರು: ಹಾಡು ರೆಕಾರ್ಡ್ ಮಾಡಿಸಬೇಕು ಅಂದ್ರೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿದ್ದ ಕಾಲ ಒಂದಿತ್ತು. ಸ್ಟುಡಿಯೋ ಬಾಡಿಗೆ, ತಬಲದವರ ಸಂಭಾವನೆ, ಊಟ-ಕಾಫಿ ಖರ್ಚು, ಎಲ್ಲಾ ಹಾಡುವವರ ತಲೆಯ ಮೇಲೆ. ಈಗ ಲ್ಯಾಪ್‌ಟಾಪು, ಇಂಟರ್‌ಫೇಸ್ ಅನ್ನೋ ಒಂದು ಡಬ್ಬಿ, ಹೆಡ್‌ಫೋನು, ಮೈಕು ಇಷ್ಟಿದ್ದರೆ ನಡುಮನೆಯೇ ಸ್ಟುಡಿಯೋ. ಭಜನಾ ಮಂಡಳಿಯ ಹೆಂಗಸರು, ಆರ್ಕೆಸ್ಟ್ರಾ ಹುಡುಗರು, ಭಾವಗೀತೆ ಹೇಳಿಕೊಡುವ ಮೇಡಂಗಳು, ಎಲ್ಲರಿಗೂ ಮನೆಯಲ್ಲೇ ಹಾಡಿ ಯೂಟ್ಯೂಬಿಗೆ ಹಾಕುವ ಆಸೆ.

ಆಸೆ ತಪ್ಪಲ್ಲ. ತಪ್ಪುತ್ತಿರುವುದು ಲೆಕ್ಕ. ಚೀಟಿ ಎತ್ತಿದ ದುಡ್ಡನ್ನೆಲ್ಲ ‘ಲಾರ್ಜ್ ಡಯಾಫ್ರಮ್ ಕಂಡೆನ್ಸರ್’ ಎಂಬ ದೊಡ್ಡ ಹೆಸರಿನ ಮೈಕಿಗೆ ಸುರಿದು, ಮನೆಗೆ ತಂದು ಹಾಡಿ ಕೇಳಿದರೆ ಬರುವುದೇನು? ಹಾಡಿನ ಹಿಂದೆ ಫ್ಯಾನಿನ ಗೊರಗೊರ, ಪಕ್ಕದ ಮನೆಯ ಕುಕ್ಕರ್ ಸೀಟಿ, ಬೀದಿಯ ಆಟೋ ಹಾರನ್ನು. ಮೈಕು ಕೆಟ್ಟದ್ದಲ್ಲ ಸ್ವಾಮಿ. ಅದು ಒಳ್ಳೆಯದಾಗಿರುವುದೇ ತಾಪತ್ರಯ!

ಕೊಳವೆಯಿಂದ ಪೊರೆಯವರೆಗೆ

ಹಿಂದೆ ಸಮಸ್ಯೆ ಇದರ ತದ್ವಿರುದ್ಧ ಇತ್ತು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಇದೇ ಊರಲ್ಲಿ ಕಣ್ಣು ಮುಚ್ಚಿದ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ್ದರು. ಮೈಕೇ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಏರುಕಂಠದಲ್ಲಿ ಹಾಡಬೇಕು. ಮೆಲುದನಿ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ.

ಕಂಡೆನ್ಸರ್ ಮೈಕು ಬಂದದ್ದು 1916ರಲ್ಲಿ, ಅಮೆರಿಕದ ಇ.ಸಿ. ವೆಂಟೆ ಎಂಬ ವಿಜ್ಞಾನಿಯಿಂದ. ಜರ್ಮನಿಯ ನಾಯ್ಮನ್ ಕಂಪನಿ 1928ರಿಂದ ಇದನ್ನು ಮಾಡಿ ಮಾರಿತು. ಅವರ ಯು 87 ಎಂಬ ಮೈಕು 1967ರಲ್ಲಿ ಬಂದು ಇಂದಿಗೂ ದೊಡ್ಡ ಸ್ಟುಡಿಯೋಗಳಲ್ಲಿ ದೇವರ ಪಟದ ಹಾಗೆ ಮರ್ಯಾದೆ ಪಡೆಯುತ್ತಿದೆ. ಅದರ ಬೆಲೆ ಲಕ್ಷದ ಲೆಕ್ಕ. ನಮ್ಮ ನಿಮ್ಮಂಥವರ ಮಾತಲ್ಲ.

ಮನೆಯಿಂದ ದನಿ ಕಳಿಸುವುದೂ ಮೈಸೂರಿಗೆ ಹೊಸದೇನಲ್ಲ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ‘ಆಕಾಶವಾಣಿ’ ಶುರು ಮಾಡಿದ್ದು ಊರಿಗೇ ಗೊತ್ತಿರುವ ಸಂಗತಿ.

ಒಳಗೇನಿದೆ?

ಮೈಕಿನ ಜಾಳಿಗೆಯೊಳಗೆ ತಲೆಗೂದಲಿಗಿಂತ ಎಷ್ಟೋ ತೆಳುವಾದ ಒಂದು ಪೊರೆ. ಅದಕ್ಕೆ ಸಾಮಾನ್ಯವಾಗಿ ಚಿನ್ನದ ಲೇಪ. ಅದರ ಹಿಂದೆ ಅಲುಗಾಡದ ಒಂದು ಬಿಲ್ಲೆ. ಎರಡರ ನಡುವೆ ವಿದ್ಯುತ್ತು ತುಂಬಿರುತ್ತದೆ. ದನಿ ತಾಕಿ ಪೊರೆ ಅಲುಗಿದರೆ ವಿದ್ಯುತ್ತೂ ಅಲುಗುತ್ತದೆ. ಅದೇ ಹಾಡಾಗಿ ವೈರಿನಲ್ಲಿ ಹೋಗುತ್ತದೆ. ಪೊರೆ ಒಂದಂಗುಲದಷ್ಟಿದ್ದರೆ ಅದು ‘ಲಾರ್ಜ್’. ಇದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಹೋಗಬೇಕು. ‘ಫ್ಯಾಂಟಮ್ ಪವರ್’ ಅಂತಾರೆ. ಡಬ್ಬಿಯಲ್ಲಿ ಆ ಗುಂಡಿ ಇಲ್ಲದಿದ್ದರೆ ಮೈಕು ಮೂಗುಬಸವ. ಯುಎಸ್‌ಬಿ ಮೈಕಿಗೆ ಮಾತ್ರ ಈ ರಗಳೆ ಇಲ್ಲ.

ಇಲ್ಲೊಂದು ಎಚ್ಚರಿಕೆ. ಡಬ್ಬಿ ದಪ್ಪ ಇದ್ದಮಾತ್ರಕ್ಕೆ ಪೊರೆ ದೊಡ್ಡದಲ್ಲ. ಸ್ಟ್ಯಾಂಡು, ಸ್ಪಂಜು ಎಲ್ಲ ಸೇರಿಸಿ ಕಡಿಮೆ ದುಡ್ಡಿಗೆ ಬರುವ ಕೆಲವು ಸೆಟ್ಟುಗಳಲ್ಲಿ ಹೊರಗೆ ಆನೆ, ಒಳಗೆ ಇಲಿ. ಕೊಳ್ಳುವಾಗ ಪೊರೆಯ ಅಳತೆ ಕೇಳಿ. ಆಡಿಯೋ-ಟೆಕ್ನಿಕಾ ಎಟಿ2020ರಲ್ಲಿ ಅದು 16 ಮಿಲಿಮೀಟರ್; ರೋಡ್ ಎನ್‌ಟಿ1-ಎದಲ್ಲಿ ಒಂದಂಗುಲ. ಹೆಸರಾಂತ ಕಂಪನಿಗಳು ಮುಚ್ಚುಮರೆಯಿಲ್ಲದೆ ಬರೆದಿರುತ್ತವೆ.

5 ಮತ್ತು 20ರ ಮರ್ಮ

ಅಂಗಡಿಯಲ್ಲಿ ಇನ್ನೊಂದು ಲೆಕ್ಕ ಹೇಳುತ್ತಾರೆ: ‘ಸೆಲ್ಫ್ ನಾಯ್ಸ್’, ಅಂದರೆ ಮೈಕು ತಾನೇ ಮಾಡುವ ಸದ್ದು. ಕಡಿಮೆಯಿದ್ದಷ್ಟೂ ಒಳ್ಳೆಯದು. ಎನ್‌ಟಿ1-ಎದ್ದು 5 ಡೆಸಿಬೆಲ್, ಎಟಿ2020ರದ್ದು 20. ಕೇಳಿದವರು ಕೂಡಲೇ 5ರ ಕಡೆ ವಾಲುತ್ತಾರೆ.

ಆದರೆ ಫ್ಯಾನು ತಿರುಗುವ, ಬೀದಿ ಪಕ್ಕದ ಕೋಣೆಯ ಸದ್ದು 40 ಡೆಸಿಬೆಲ್ ದಾಟುವುದು ಸಾಮಾನ್ಯ. ಆ ಗದ್ದಲದಲ್ಲಿ 5 ಆದರೇನು, 20 ಆದರೇನು? ಸಂತೆಯಲ್ಲಿ ಪಿಸುಮಾತು ಆಡಿದ ಹಾಗೆ. ಸದ್ದಿಲ್ಲದ ಕೋಣೆ ಇದ್ದವರಿಗೆ ಮಾತ್ರ ಆ ವ್ಯತ್ಯಾಸಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ.

ಮೊದಲು ಕೋಣೆ, ಆಮೇಲೆ ಮೈಕು

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ. ಹಾಡಬೇಕಾದ ಕೋಣೆಯ ನಡುವೆ ನಿಂತು ಗಟ್ಟಿಯಾಗಿ ಒಂದು ಚಪ್ಪಾಳೆ ತಟ್ಟಿ. ‘ಟಣ್’ ಅಂತ ಗೋಡೆ ಮರುದನಿ ಕೊಟ್ಟರೆ, ಎಷ್ಟೇ ಬೆಲೆಯ ಮೈಕು ತಂದರೂ ಹಾಡು ಬಚ್ಚಲುಮನೆಯಲ್ಲಿ ಹಾಡಿದ ಹಾಗೇ ಇರುತ್ತದೆ. ಬರೀ ಗೋಡೆ, ನುಣುಪು ನೆಲ, ಸಾಮಾನಿಲ್ಲದ ಕೋಣೆಗೆ ಈ ರೋಗ ಜಾಸ್ತಿ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆಯೇ ವಾಸಿ.

ಹೆಚ್ಚಿನ ಕಂಡೆನ್ಸರ್ ಮೈಕುಗಳು ಮುಂದಿನದನ್ನು ಚೆನ್ನಾಗಿ, ಹಿಂದಿನದನ್ನು ಕಡಿಮೆ ಕೇಳುತ್ತವೆ. ಇದಕ್ಕೆ ‘ಕಾರ್ಡಿಯಾಯ್ಡ್’ ಎಂದು ಹೆಸರು. ಹಾಗಾಗಿ ಕಿಟಕಿಯ ಕಡೆಗೆ ಮೈಕಿನ ಬೆನ್ನು ಇರಲಿ. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ರಜಾಯಿ ಇಳಿಬಿಡಿ, ಯಾಕಂದ್ರೆ ಮೈಕಿನ ಕಿವಿ ಇರುವುದು ಆ ಕಡೆಗೆ. ಫ್ಯಾನು ನಿಲ್ಲಿಸಿ. ರಾತ್ರಿ ಹತ್ತರ ಮೇಲೆ ಹಾಡಿ. ಇಷ್ಟಕ್ಕೆ ಖರ್ಚೆಷ್ಟು? ಹಗ್ಗದ ದುಡ್ಡು!

ಇಷ್ಟು ಮಾಡಿಯೂ ಸದ್ದು ನಿಲ್ಲದ ಮನೆಗಳುಂಟು. ಬಸ್‌ಸ್ಟ್ಯಾಂಡ್ ಪಕ್ಕ, ಮಾರ್ಕೆಟ್ ಮೇಲಿನ ಮಹಡಿ. ಅಂಥವರು ಕಂಡೆನ್ಸರಿನ ಮೋಹ ಬಿಟ್ಟು ಆರ್ಕೆಸ್ಟ್ರಾದವರ ಕೈಯಲ್ಲಿ ಕಾಣುವ ಡೈನಾಮಿಕ್ ಮೈಕು ಕೊಳ್ಳುವುದೇ ಲಾಭ. 1966ರಿಂದ ಮಾರಾಟದಲ್ಲಿರುವ ಶೂರ್ ಎಸ್‌ಎಂ58 ಈ ಜಾತಿಯದು. ತುಟಿಗೆ ಹತ್ತಿರ ಹಿಡಿದು ಹಾಡುವುದರಿಂದ ಕಂಠ ಮುಂದೆ, ಕೋಣೆ ಹಿಂದೆ.

ಆರಿಸುವುದು ಹೇಗೆ?

ಸೀರೆಯನ್ನು ಬಿಸಿಲಿಗೆ ಹಿಡಿದು ನೋಡದೆ ಯಾರಾದರೂ ಕೊಳ್ತಾರಾ? ಮೈಕೂ ಹಾಗೇ. ಸಾಧ್ಯವಾದರೆ ಎರಡು ಮೈಕಿಗೆ ಒಂದೇ ಪಲ್ಲವಿಯನ್ನು, ಒಂದೇ ದೂರದಿಂದ ಹಾಡಿ. ಕೇಳುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕಿರಲಿ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಅಲ್ಲೇ ಮೋಸ ಹೋಗುವುದು. ಯಾವುದು ಯಾವ ಮೈಕು ಅಂತ ಹೇಳದೆ ಮನೆಯವರಿಗೆ ಕೇಳಿಸಿ.

ಕೆಲವು ಮೈಕುಗಳು ಮೇಲಿನ ಸ್ವರಗಳನ್ನು ಬೇಕೆಂದೇ ಹೊಳಪು ಮಾಡುತ್ತವೆ. ಗಡಸು ಕಂಠದವರಿಗೆ ಅದು ಒಡವೆ. ಮೊದಲೇ ಚೂಪು ಕಂಠ ಇದ್ದವರಿಗೆ ‘ಸ’, ‘ಶ’, ‘ಷ’ ಬಂದಾಗಲೆಲ್ಲ ಕಿವಿಗೆ ಸೂಜಿ. ಅವರಿಗೆ ಮೆದು ಸ್ವಭಾವದ ಮೈಕು ಬೇಕು.

ಮೈಕಿಗೂ ಬಾಯಿಗೂ ಒಂದು ಗೇಣು ದೂರ. ತೀರಾ ಹತ್ತಿರ ಹೋದರೆ ದನಿ ಗುಂಯ್ಗುಡುತ್ತದೆ. ತುದಿಗೆ ಹಾಡಬಾರದು, ಪಕ್ಕದಲ್ಲಿ ಕಂಪನಿ ಗುರುತು ಇರುವ ಕಡೆ ಹಾಡಬೇಕು. ‘ಪ’, ‘ಬ’, ‘ಭ’ ಬಂದಾಗ ಉಸಿರು ಬಡಿಯದಂತೆ ನಡುವೆ ಪರದೆ ಬೇಕು. ಕಸೂತಿ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿದರೂ ಆದೀತು. ಮದುವೆ ಮನೆಯಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಅಂತ ಉಫ್ ಎಂದು ಊದುವ ಚಾಳಿ ಇದರ ಮುಂದೆ ಬೇಡ. ಎಂಜಲು, ತೇವ ಪೊರೆಗೆ ಆಗದು. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ.

ಕಾಯುವುದು ಯಾರು?

ಕಡೆಯದಾಗಿ ಒಂದು ಮಾತು. ನಂಜನಗೂಡು, ಟಿ. ನರಸೀಪುರ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಪುಸ್ತಕವಿಲ್ಲದೆ ರಾತ್ರಿಯಿಡೀ ಸೋಬಾನೆ ಹೇಳಬಲ್ಲ ಅಜ್ಜಿಯರಿದ್ದಾರೆ. ‘ಒಳ್ಳೆ ಮೈಕು ಬರಲಿ, ಆಮೇಲೆ ರೆಕಾರ್ಡ್ ಮಾಡೋಣ’ ಅಂತ ಮೊಮ್ಮಕ್ಕಳು ಮುಂದೂಡುವುದು ಬೇಡ. ರಜಾಯಿ ಕಟ್ಟಿದ ಸದ್ದಿಲ್ಲದ ಕೋಣೆಯಲ್ಲಿ ಕೈಯಲ್ಲಿರುವ ಫೋನನ್ನೇ ಒಂದು ಗೇಣು ದೂರ ಇಟ್ಟರೂ ಕೇಳುವಂತೆ ಬರುತ್ತದೆ.

ಮೈಕು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತೆ. ಅಜ್ಜಿಯ ಕಂಠ ಸಿಗುತ್ತಾ?