ಸಸಿಗೆ ಬೇಕಾದ್ದು ಹತ್ತಿರದ ಬೆಳಕು

ಬೀದರ್‌ನ ಹಳೇ ಊರಿನಲ್ಲಿ ನನ್ನದು ವೈರಿಂಗ್ ಸಾಮಾನಿನ ಅಂಗಡಿ. ಮೇ ತಿಂಗಳು ಬಂತೆಂದರೆ ಈಗೀಗ ಒಂದು ಹೊಸ ಗಿರಾಕಿ ಶುರುವಾಗಿದೆ. "ಅಣ್ಣಾರ, ಸಸಿಗೆ ಹಾಕೋ ಗುಲಾಬಿ ಲೈಟ್ ಅದಾವೇನ್ರಿ?" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಅದನ್ನು ಮಾರಿದರೆ ನನಗೆ ನಾಲ್ಕು ಕಾಸು ಹೆಚ್ಚೇ ಉಳಿಯುತ್ತದೆ. ಆದರೂ ನಾನು ತೆಗೆದುಕೊಡುವುದು ಸಾದಾ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬು. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಈ ಟ್ಯೂಬು ಮನೆಮಟ್ಟಿಗೆ ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಎಬ್ಬಿಸಲು ಧಾರಾಳ ಸಾಕು.

ಬಿಸಿಲಿಗೇನೂ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಸಸಿಗೆ ಲೈಟು ಯಾಕೆ ಎಂದು ಕೇಳುವವರಿದ್ದಾರೆ. ಹಿತ್ತಲಿದ್ದು, ನೆರಳು ಪರದೆ ಕಟ್ಟಲು ಜಾಗವಿದ್ದವರಿಗೆ ನಿಜಕ್ಕೂ ಬೇಡ. ಆದರೆ ಮಿರಗದ ಮಳೆಯಾದ ಮೇಲೆ ಸಸಿ ಹಚ್ಚಬೇಕೆಂದರೆ ಮೇ ತಿಂಗಳಲ್ಲೇ ಬೀಜ ಹಾಕಬೇಕು. ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮಾಳಿಗೆ ಮೇಲಿಟ್ಟ ಟ್ರೇ ಮಧ್ಯಾಹ್ನದೊಳಗೆ ಒಣಗಿ ಹೋಗುತ್ತದೆ, ಒಳಗಿಟ್ಟರೆ ಕತ್ತಲೆ. ಬಾಡಿಗೆ ಮನೆಯಲ್ಲಿ ಎರಡೇ ಕೋಣೆ ಇರುವವರಿಗೆ ಬೇರೆ ದಾರಿಯಿಲ್ಲ.

ಔರಾದ್‌ನ ನಮ್ಮ ಹಿರೇರ ಮನೆ ಮಣ್ಣಿನ ಮಾಳಿಗೆಯದು. ಗೋಡೆ ದಪ್ಪ, ಕಿಟಕಿ ಹೆಸರಿಗಷ್ಟೆ, ಬೆಳಕೆಲ್ಲ ಮೇಲಿನ ಬೆಳಕಿಂಡಿಯಿಂದಲೇ ಬರಬೇಕು. ಅಲ್ಲಿ ಅವ್ವ ಟೊಮೆಟೊ ಬೀಜ ಹಾಕಿದ್ದಳು. ಮೊಳಕೆ ಚೆನ್ನಾಗಿಯೇ ಬಂತು, ಮೊಳೆಯಲು ಬೀಜಕ್ಕೆ ಬೆಳಕಿಗಿಂತ ಬೆಚ್ಚಗಿನ ತೇವ ಮುಖ್ಯ. ಆಮೇಲೆ ನೋಡಿದರೆ ಕಾಂಡವೆಲ್ಲ ದಾರದಷ್ಟು ಸಪೂರ, ಬುಡ ಬಿಳಿಚಿಕೊಂಡಿದೆ, ಎರಡೇ ಎಲೆ ಹೊತ್ತು ಒಂದೊಂದು ಸಸಿಯೂ ಬೆಳಕಿಂಡಿಯ ಕಡೆಗೇ ಕತ್ತು ಚಾಚಿದೆ. ನೀರು ಚಿಮುಕಿಸಿದ ಕೂಡಲೇ ಸಾಲಿಗೆ ಸಾಲೇ ಮಲಗಿಬಿಟ್ಟವು. "ಕೋಣ್ಯಾಗ ಬೆಳಕೈತಲ್ಲೋ ತಮ್ಮಾ" ಎಂದಳು ಅವ್ವ. ನಮ್ಮ ಕಣ್ಣು ಮಬ್ಬಿಗೂ ಹೊಂದಿಕೊಳ್ಳುತ್ತದೆ, ಸಸಿಗೆ ಆ ಅನುಕೂಲವಿಲ್ಲ. ಮಧ್ಯಾಹ್ನದ ಬಯಲಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ, ಅಂಥ ಕೋಣೆಯಲ್ಲಿ ಇನ್ನೂರು ಮುನ್ನೂರು ಇದ್ದರೆ ಹೆಚ್ಚು. ಎಳೆಯ ಸಸಿ ಗಟ್ಟಿಯಾಗಿ ಬರಲು ಐದರಿಂದ ಹತ್ತು ಸಾವಿರ ಲಕ್ಸ್ ಬೇಕು. ಲಕ್ಸ್ ಅಳೆಯುವ ಆ್ಯಪ್ ಮೊಬೈಲಿಗೇ ಸಿಗುತ್ತದೆ, ಅಂದಾಜಿಗೆ ಅದು ಸಾಕು.

ಅಷ್ಟು ಬೆಳಕು ಸಾದಾ ಟ್ಯೂಬಿನಿಂದ ಬರುತ್ತದೆಯೇ? ಬರುತ್ತದೆ, ಹತ್ತಿರ ಇಟ್ಟರೆ. ಗಿರಾಕಿಗಳಿಗೆ ನಾನು ಒತ್ತಿ ಒತ್ತಿ ಹೇಳುವುದು ಇದೊಂದನ್ನೇ. ಸೂರಿನಲ್ಲಿ ಉರಿಯುವ ಟ್ಯೂಬು ಸಸಿಯ ಲೆಕ್ಕಕ್ಕೇ ಇಲ್ಲ. ಅದೇ ಟ್ಯೂಬನ್ನು ಎಲೆಯಿಂದ ನಾಲ್ಕರಿಂದ ಆರು ಇಂಚಿನ ಮೇಲೆ ತೂಗುಹಾಕಿದರೆ ಐದು ಸಾವಿರ ಲಕ್ಸ್ ದಾಟುತ್ತದೆ. ದುಂಡು ಬಲ್ಬಿನ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಟ್ಯೂಬಿನ ಕೆಳಗೆ, ಹತ್ತಿರವಿದ್ದಾಗ, ಅರ್ಧಕ್ಕೆ ಇಳಿಯುತ್ತದೆ ಅಷ್ಟೆ. ಎಲ್‌ಇಡಿ ಅಷ್ಟು ಕಾವು ಕಾರುವುದಿಲ್ಲವಾದ್ದರಿಂದ ಎಲೆ ಸುಡುವ ಭಯವೂ ಇಲ್ಲ.

ಬಣ್ಣದ ಮಾತಿಗೆ ಬರೋಣ. ಎಲೆಯ ಹಸಿರು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ ಎಂಬುದು ಸರಿ, ಗುಲಾಬಿ ಲೈಟು ಹುಟ್ಟಿದ್ದೂ ಅದರಿಂದಲೇ. ಆದರೆ ಬಿಳಿ ಎಲ್‌ಇಡಿಯ ಹೊಟ್ಟೆಯೊಳಗೂ ನೀಲಿಯೇ ಇದೆ. ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂದದ್ದು ಈ ನೀಲಿ ಎಲ್‌ಇಡಿಗಾಗಿ. ಅದರ ಮೇಲೆ ಹಳದಿ ಫಾಸ್ಫರ್ ಲೇಪ ಕೊಟ್ಟರೆ ಬಿಳಿ ಬೆಳಕು. ಅದರಲ್ಲಿ ನೀಲಿ, ಹಸಿರು, ಕೆಂಪು ಎಲ್ಲವೂ ಇರುತ್ತವೆ. ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ನೀಲಿಯ ಪಾಲು ಹೆಚ್ಚು, ಸಸಿ ಗಿಡ್ಡಗೆ ಗಟ್ಟಿಯಾಗಿ ಬರುತ್ತದೆ. ಗುಲಾಬಿ ಬೆಳಕಿನಲ್ಲಿ ಎಲೆ ಹಳದಿಯಾದರೂ ಕಣ್ಣಿಗೆ ಬೀಳುವುದಿಲ್ಲ; ನನಗೆ ಅದು ಸೇರದಿರಲು ಇದೂ ಒಂದು ಕಾರಣ.

ಭಾಲ್ಕಿಯ ನಮ್ಮ ಅಕ್ಕನ ಮನೆಯಲ್ಲಿ ನಾನೇ ಕೂತು ಜೋಡಿಸಿಕೊಟ್ಟೆ. ಕಬ್ಬಿಣದ ರ‍್ಯಾಕಿನ ಒಂದು ಹಲಗೆಯ ಮೇಲೆ 98 ಗುಳಿಯ ಎರಡು ಪ್ರೋಟ್ರೇ ಉದ್ದಕ್ಕೆ ಇಟ್ಟರೆ ನಾಲ್ಕಡಿ ಟ್ಯೂಬಿನ ಕೆಳಗೆ ಸರಿಯಾಗಿ ಕೂಡುತ್ತವೆ. ಟ್ರೇಯ ಅಗಲಕ್ಕೆ ಒಂದು ಸಾಲದು, ಜೋಡಿ ಟ್ಯೂಬ್ ಬೇಕು. ಸಸಿ ಬೆಳೆದಂತೆ ಮೇಲೆತ್ತಲು ಬರುವ ಹಾಗೆ ಸರಪಳಿಯಲ್ಲಿ ತೂಗುಬಿಟ್ಟೆ. ಹಿಂದಿನ ಗೋಡೆಗೆ ಸುಣ್ಣ ಬಳಿದದ್ದರಿಂದ ಪಕ್ಕಕ್ಕೆ ಚೆಲ್ಲುವ ಬೆಳಕೂ ತಿರುಗಿ ಬೀಳುತ್ತದೆ. ನೀರಾಡುವ ಜಾಗವಾದ್ದರಿಂದ ಪ್ಲಗ್ ಬೋರ್ಡು ಟ್ರೇಗಿಂತ ಮೇಲಿರಲಿ, ನೆಲದ ಮೇಲೆ ಎಕ್ಸ್‌ಟೆನ್ಷನ್ ಎಳೆಯಲೇಬೇಡಿ.

ಅಕ್ಕನ ಮೊದಲ ಚಿಂತೆ ಕರೆಂಟಿನದು. ಎರಡು ಟ್ಯೂಬು, 40 ವ್ಯಾಟ್, ದಿನಕ್ಕೆ 16 ತಾಸು ಉರಿದರೆ ತಿಂಗಳಿಗೆ 19 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಗೆ ತುಸು ಸೇರಿಸಿದಷ್ಟೇ ಪುಕ್ಕಟೆ; 200 ಯೂನಿಟ್ ದಾಟಿತೋ ಇಡೀ ಬಿಲ್ಲು ನಿಮ್ಮದೇ. ಮೇ ತಿಂಗಳಲ್ಲಿ ಕೂಲರ್ ಬೇರೆ ಓಡುತ್ತಿರುತ್ತದೆ, ಮೀಟರ್ ಮೇಲೆ ಕಣ್ಣಿಡಿ. ರಾತ್ರಿಯೆಲ್ಲ ಉರಿಸುವುದಂತೂ ಬೇಡ. ಕತ್ತಲೆಯೇ ಕಾಣದ ಟೊಮೆಟೊ ಎಲೆ ಬಣ್ಣಗೆಟ್ಟು ಕುಂದುತ್ತದೆ. ಕರೆಂಟು ನಾಲ್ಕು ತಾಸು ಹೋದರೆ ಸಸಿ ಸಾಯುವುದಿಲ್ಲ, ಅದಕ್ಕೆಂದು ಇನ್ವರ್ಟರ್ ಹಚ್ಚಬೇಕಿಲ್ಲ.

ನಾಲ್ಕೇ ಕುಂಡದ ಆಸೆಯಿದ್ದವರು ಟ್ಯೂಬೂ ಕೊಳ್ಳಬೇಕಿಲ್ಲ. 'ಹೊಸ ಬೆಳಕು' ಯೋಜನೆಯಲ್ಲಿ ಮನೆಮನೆಗೆ ಬಂದಂಥ 9 ವ್ಯಾಟಿನ ಬಿಳಿ ಬಲ್ಬನ್ನು ಒಂದು ಗೇಣಿನೊಳಗೆ ಇಳಿಬಿಟ್ಟರೆ ಕೆಲಸ ನಡೆಯುತ್ತದೆ. ಚಳಿಗಾಲದಲ್ಲಿ ಮಾತ್ರ ಒಂದು ತೊಡಕು. ಡಿಸೆಂಬರಿನ ಬೀದರ್ ರಾತ್ರಿ ಮೆಣಸಿನ ಬೀಜಕ್ಕೆ ತೀರಾ ತಣ್ಣಗಾಗುತ್ತದೆ, ಎಲ್‌ಇಡಿಯಿಂದ ಕಾವು ಸಿಗುವುದಿಲ್ಲ. ಮೊಳಕೆ ಬರುವ ತನಕ ಟ್ರೇ ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿರಲಿ, ಮೊಳಕೆ ತಲೆಯೆತ್ತಿದ ದಿನವೇ ಲೈಟಿನ ಕೆಳಗೆ ಬರಲಿ. ನಾಟಿಗೆ ಒಂದು ವಾರ ಮುಂಚೆ ಹೊರಗಿನ ರೂಢಿ ಮಾಡಿಸಬೇಕು: ಮೊದಲ ದಿನ ಬೆಳಗಿನ ಬಿಸಿಲು ಒಂದೇ ತಾಸು, ಆಮೇಲೆ ದಿನಾ ಅಷ್ಟಷ್ಟು ಹೆಚ್ಚು.