‘ಸಬ್ ಹೋ ಜಾಯೇಗಾ’ಗೆ ರೇಟ್ ಎಷ್ಟು? ಮನೆ ರಿನೋವೇಶನ್‌ಗೂ ಮುಂಚೆ ಬರೆಸಿಕೊಳ್ಳಬೇಕಾದ ಅಗ್ರಿಮೆಂಟ್

ಹೋಮ್ ಲೋನ್ ಬಗ್ಗೆ ಮಾತಾಡಿದ ವಿಡಿಯೋ ಆದಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: “ರೀಸೇಲ್ ಫ್ಲ್ಯಾಟ್ ತಗೊಂಡಿದ್ದೀವಿ, ರಿನೋವೇಶನ್‌ಗೆ ಎಷ್ಟು ಇಟ್ಕೋಬೇಕು?” ಎಷ್ಟು ಅನ್ನೋದಕ್ಕೆ ನನ್ನ ಹತ್ರ ಒಂದು ಅಂಕಿ ಇಲ್ಲ. ಆದರೆ ಇಟ್ಟುಕೊಂಡ ದುಡ್ಡು ಎಲ್ಲಿ ಸೋರಿ ಹೋಗುತ್ತೆ ಅಂತ ಚೆನ್ನಾಗಿ ಗೊತ್ತು. ಯಾಕಂದ್ರೆ ನನ್ನದೇ ಸೋರಿದೆ. ಈ ಸಂಚಿಕೆಯಲ್ಲಿ ಅದರ ಲೆಕ್ಕ ಪೂರ್ತಿ ಹೇಳ್ತೀನಿ. ವಿಡಿಯೋ ನೋಡೋಕೆ ಟೈಮ್ ಇಲ್ಲದವರು ಇಲ್ಲೇ ಓದಬಹುದು.

ನನ್ನ ಲೆಕ್ಕ

ಪುಣೆಯಲ್ಲಿ ನಾವು ತಗೊಂಡಿದ್ದು ಹಳೇ ಸೊಸೈಟಿಯ 2 ಬಿಎಚ್‌ಕೆ. ಅಮ್ಮನಿಗೆ ಮಂಡಿ ಆಪರೇಶನ್ ಆಗಿತ್ತು. ಅಪ್ಪ-ಅಮ್ಮ ದಾವಣಗೆರೆಯಿಂದ ಬಂದು ನಮ್ಮ ಜೊತೆಗೇ ಇರಬೇಕು ಅಂತ ತೀರ್ಮಾನ ಆಗಿತ್ತು. ಹಾಗಾಗಿ ಬಾತ್‌ರೂಮ್ ಪೂರ್ತಿ ಒಡೆದು ಹೊಸ್ತಿಲಿಲ್ಲದೆ ಮಾಡಬೇಕು, ವೆಸ್ಟರ್ನ್ ಕಮೋಡ್ ಕೂರಿಸಬೇಕು, ಹಿಡಿದುಕೊಳ್ಳೋಕೆ ಗೋಡೆಗೆ ಕಂಬಿ ಬೇಕು. ಅದರ ಜೊತೆ ಎರಡು ವಾರ್ಡ್‌ರೋಬ್, ಪೇಂಟಿಂಗ್, ವೈರಿಂಗ್.

ಕಂಟ್ರಾಕ್ಟರ್ ವಾಟ್ಸಾಪ್‌ನಲ್ಲಿ ಒಂದು ಪುಟದ ಕೊಟೇಶನ್ ಕಳಿಸಿದ. ಒಟ್ಟು 9,20,000 ರೂಪಾಯಿ, 45 ದಿನ. ಅದರಲ್ಲಿ ಒಂದು ಸಾಲು ಹೀಗಿತ್ತು: “ಬಾತ್‌ರೂಮ್ ಕಂಪ್ಲೀಟ್ ವರ್ಕ್”. ನಾನು ಏನೇ ಕೇಳಿದರೂ ಅವನ ಉತ್ತರ ಒಂದೇ: “ಟೆನ್ಶನ್ ಮತ್ ಲೋ ಸರ್, ಸಬ್ ಹೋ ಜಾಯೇಗಾ.” ಮೊದಲನೇ ದಿನವೇ ಅರ್ಧ, ಅಂದ್ರೆ 4,60,000 ಟ್ರಾನ್ಸ್‌ಫರ್ ಮಾಡಿದೆ.

ಕೊನೆಗೆ ಆಗಿದ್ದು 13,05,000. ಹೆಚ್ಚಾದ 3,85,000 ಎಲ್ಲಿಂದ ಬಂತು ನೋಡಿ:

- ಕೊಟೇಶನ್‌ನಲ್ಲಿ ಇಲ್ಲದ ಜಿಎಸ್‌ಟಿ, 18%: 1,65,600
- ವಾರ್ಡ್‌ರೋಬ್‌ನ ಲಾಫ್ಟ್, ಒಳಗಿನ ಡ್ರಾಯರ್, ಚಾನೆಲ್, ಹ್ಯಾಂಡಲ್: 68,000
- ಬಾತ್‌ರೂಮ್‌ನ ಹೊಸ ಪೈಪ್‌ಲೈನ್ ಮತ್ತು ವಾಟರ್‌ಪ್ರೂಫಿಂಗ್: 54,000
- ಒಡೆದ ಕಲ್ಲುಮಣ್ಣು ಸಾಗಿಸೋದು, ಸಾಮಾನು ಮೇಲೆ ಹೊರೋದು: 22,000
- ನಾವೇ ಮಧ್ಯದಲ್ಲಿ ಕೇಳಿದ ಬದಲಾವಣೆಗಳು: 75,400

45 ದಿನದ ಕೆಲಸ 4 ತಿಂಗಳಾಯ್ತು. ಅಷ್ಟೂ ದಿನ ಬಾಡಿಗೆ ಮನೆಗೆ ತಿಂಗಳಿಗೆ 24,000. ತಡವಾದ ಎರಡೂವರೆ ತಿಂಗಳಿಗೆ ಇನ್ನೊಂದು 60,000. ಇಎಂಐ ಬೇರೆ. ಈ ಹೆಚ್ಚಿನ ದುಡ್ಡು ಬಂದಿದ್ದು ಅಪ್ಪನ ರಿಟೈರ್‌ಮೆಂಟ್ ಎಫ್‌ಡಿ ಮುರಿದು. ಅಪ್ಪ ಒಂದು ಮಾತೂ ಆಡಲಿಲ್ಲ. ಬಾಡಿಗೆ ಮನೆ ಇದ್ದಿದ್ದು ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ. ಆಪರೇಶನ್ ಆದ ಕಾಲಿಟ್ಟುಕೊಂಡು ಅಮ್ಮ ಅಷ್ಟು ದಿನ ಆ ಮೆಟ್ಟಿಲು ಹತ್ತಿದ್ರು.

ಅವನು ಕಳ್ಳನಾ?

ಆಗ ಹಾಗೇ ಅನ್ಕೊಂಡಿದ್ದೆ. ಈಗ ಹಾಗನ್ಸಲ್ಲ. ಮೇಲಿನ ಪಟ್ಟಿ ಮತ್ತೊಮ್ಮೆ ನೋಡಿ. ಒಂದೊಂದೂ ನಿಜವಾಗಿ ಆದ ಖರ್ಚೇ. ಆದರೆ ಯಾವುದರ ಬಗ್ಗೆಯೂ ಮೊದಲೇ ಒಂದು ವಾಕ್ಯ ಬರೆದಿರಲಿಲ್ಲ. “ಕಂಪ್ಲೀಟ್ ವರ್ಕ್” ಅಂದ್ರೆ ನನಗೆ ಪೈಪ್‌ನಿಂದ ಹಿಡಿದು ಟೈಲ್ಸ್ ತನಕ. ಅವನಿಗೆ ಟೈಲ್ಸ್ ಮತ್ತು ಫಿಟ್ಟಿಂಗ್ ಮಾತ್ರ. ಬರೆಯದೆ ಬಿಟ್ಟ ಪ್ರತಿ ವಾಕ್ಯದ ಬಿಲ್ ಮನೆ ಮಾಲೀಕನಿಗೇ ಬರುತ್ತೆ. ಯಾಕಂದ್ರೆ ಅಷ್ಟೊತ್ತಿಗೆ ಗೋಡೆ ಒಡೆದಾಗಿರುತ್ತೆ, ಹಿಂದೆ ಹೋಗೋ ಹಾಗಿರಲ್ಲ.

ಆಫೀಸಿನಲ್ಲಿ ನಾವು ಟಿಕೆಟ್ ಇಲ್ಲದೆ ಒಂದು ಬಟನ್‌ನ ಬಣ್ಣ ಬದಲಿಸಲ್ಲ. ಕ್ಲೈಂಟ್ ಬಾಯಿಮಾತಲ್ಲಿ ಹೇಳಿದರೆ “ಮೇಲ್ ಹಾಕಿ” ಅಂತೀವಿ. ಅದೇ ನಾವು ನಾಲ್ಕೂವರೆ ಲಕ್ಷವನ್ನ ಒಂದು “ಹೋ ಜಾಯೇಗಾ” ನಂಬಿ ಕೊಡ್ತೀವಿ.

1. ಏನು ಸೇರಿದೆ, ಏನು ಸೇರಿಲ್ಲ

ಕೊಟೇಶನ್ ಒಟ್ಟು ಮೊತ್ತದಲ್ಲಿ ಬೇಡ, ಐಟಂ ಐಟಂ ಆಗಿ ಬರಲಿ. ಪ್ರತಿ ಐಟಂಗೆ ನಾಲ್ಕು ಕಾಲಂ: ಕೆಲಸ, ಅಳತೆ, ರೇಟ್, ಮೊತ್ತ. ಇದನ್ನ ಬಿಒಕ್ಯೂ ಅಂತಾರೆ, ಕಂಟ್ರಾಕ್ಟರ್‌ಗಳಿಗೆ ಗೊತ್ತಿರೋ ಪದವೇ. ಅದರ ಕೆಳಗೆ “ಇದರಲ್ಲಿ ಸೇರಿಲ್ಲದ್ದು” ಅಂತ ಇನ್ನೊಂದು ಪಟ್ಟಿ ಅವನ ಕೈಯಲ್ಲೇ ಬರೆಸಿ. ನನ್ನ ಅನುಭವದಲ್ಲಿ ಮೊದಲ ಪಟ್ಟಿಗಿಂತ ಈ ಎರಡನೇ ಪಟ್ಟಿಯೇ ಹೆಚ್ಚು ದುಡ್ಡು ಉಳಿಸುತ್ತೆ.

ಆ ಪಟ್ಟಿ ಮುಂದಿಟ್ಟುಕೊಂಡು ಇಷ್ಟು ಕೇಳಿ: ಜಿಎಸ್‌ಟಿ ಸೇರಿದೆಯಾ? ಕಲ್ಲುಮಣ್ಣು, ಅಂದ್ರೆ ಪುಣೆಯಲ್ಲಿ ‘ರಾಡಾರೋಡಾ’ ಅಂತಾರಲ್ಲ, ಅದನ್ನ ಸಾಗಿಸೋರು ಯಾರು? ಸೊಸೈಟಿಯವರು ಸಾಮಾನಿಗೆ ಲಿಫ್ಟ್ ಕೊಡದಿದ್ದರೆ ಹೊರೋ ಕೂಲಿ ಯಾರದ್ದು? ಸೊಸೈಟಿಯ ಎನ್‌ಒಸಿ, ಡೆಪಾಸಿಟ್, ಕೆಲಸದ ಸಮಯ ಮೀರಿದರೆ ಬೀಳೋ ದಂಡ ಯಾರ ಮೇಲೆ? ಕೊನೆಯ ಕ್ಲೀನಿಂಗ್ ಯಾರು ಮಾಡ್ತಾರೆ?

ಜೊತೆಗೆ, ಅಳತೆ ಹೇಗೆ ತಗೋತಾರೆ ಅಂತಲೂ ಬರೆಸಿ. ವಾರ್ಡ್‌ರೋಬ್ ಉದಾಹರಣೆ ತಗೊಳ್ಳಿ. ಸಾಮಾನ್ಯವಾಗಿ ಮುಂಭಾಗದ ಅಗಲ, ಎತ್ತರ ಗುಣಿಸಿ ಚದರಡಿ ಲೆಕ್ಕ ಹಾಕ್ತಾರೆ. ನಮ್ಮದು 7 ಅಡಿ ಅಗಲ, 7 ಅಡಿ ಎತ್ತರ: 49 ಚದರಡಿ. 1,400ರ ರೇಟ್‌ನಲ್ಲಿ 68,600. ಮೇಲಿನ 2 ಅಡಿ ಲಾಫ್ಟ್ ಸೇರಿಸಿದ ಕೂಡಲೇ 63 ಚದರಡಿ, 88,200. ಒಂದರಲ್ಲೇ 19,600 ವ್ಯತ್ಯಾಸ, ಎರಡರಲ್ಲಿ 39,200. ರೇಟ್ ಒಂದು ರೂಪಾಯಿಯೂ ಏರಿಲ್ಲ, ಅಳತೆ ಏರಿತು. ಪೇಂಟಿಂಗ್‌ನಲ್ಲೂ ಅಷ್ಟೇ: ಕಾರ್ಪೆಟ್ ಏರಿಯಾ ಗುಣಿಸಿ ಅಂದಾಜು ಹಾಕ್ತಾರಾ, ಗೋಡೆ ಅಳೆದಾ? ಬಾಗಿಲು, ಕಿಟಕಿಯ ಜಾಗ ಕಳೀತಾರಾ?

2. ಸಾಮಾನಿನ ಹೆಸರು, ದಪ್ಪ, ನಂಬರ್

“ಒಳ್ಳೇ ಕ್ವಾಲಿಟಿ ಪ್ಲೈವುಡ್” ಅನ್ನೋ ಮಾತಿಗೆ ಅರ್ಥ ಇಲ್ಲ. ಅಗ್ರಿಮೆಂಟ್‌ನಲ್ಲಿ ಬ್ರ್ಯಾಂಡ್, ದಪ್ಪ ಎಷ್ಟು ಮಿಲಿಮೀಟರ್, ಐಎಸ್ ನಂಬರ್, ಮೂರೂ ಇರಲಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ. ಐಎಸ್ 710 ಮರೀನ್ ಪ್ಲೈವುಡ್‌ಗೆ. ಅದರ ಪರೀಕ್ಷೆಯಲ್ಲಿ 72 ಗಂಟೆ ನೀರಲ್ಲಿ ಕುದಿಸ್ತಾರೆ. ಸಿಂಕ್ ಕೆಳಗಿನ ಕ್ಯಾಬಿನೆಟ್‌ಗೆ 710 ಬೇಕು, ಬೆಡ್‌ರೂಮ್ ವಾರ್ಡ್‌ರೋಬ್‌ಗೆ 303 ಸಾಕು. ಎಲ್ಲಾ ಕಡೆ ದುಬಾರಿದೇ ಹಾಕಿಸೋದೂ ದುಡ್ಡು ಪೋಲೇ.

ಪ್ಲೈವುಡ್ ಸೈಟಿಗೆ ಬಂದಾಗ, ಕತ್ತರಿಸೋ ಮುಂಚೆ, ಹಲಗೆ ಮೇಲಿನ ಐಎಸ್‌ಐ ಮಾರ್ಕ್‌ನ ಫೋಟೋ ತೆಗೀರಿ. ಅದರಲ್ಲಿರೋ ಲೈಸೆನ್ಸ್ ನಂಬರನ್ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು.

3. ದುಡ್ಡು ತಾರೀಖಿಗಲ್ಲ, ಮುಗಿದ ಕೆಲಸಕ್ಕೆ

ನನ್ನ ದೊಡ್ಡ ತಪ್ಪು ಇದು. ಒಂದು ಹಂತದಲ್ಲಿ 85% ದುಡ್ಡು ಕೊಟ್ಟಾಗಿತ್ತು, ಕೆಲಸ ಆಗಿದ್ದು ಹೆಚ್ಚೆಂದರೆ 60%. ಆಮೇಲೆ ನನ್ನ ಫೋನ್ ಎತ್ತೋಕೆ ಅವನಿಗೇನು ಅವಸರ? ಹುಡುಗರನ್ನ ಇನ್ನೊಂದು ಸೈಟಿಗೆ ಕಳಿಸಿದ.

ಕಳೆದ ವರ್ಷ ಅಡುಗೆಮನೆ ಮಾಡಿಸಿದಾಗ ಬೇರೆ ಕಂಟ್ರಾಕ್ಟರ್, ಜಿಎಸ್‌ಟಿ ಸೇರಿ 3,40,000. ಹೀಗೆ ಹಂಚಿದ್ವಿ:

- ಸಹಿ ಮಾಡಿದ ದಿನ 10%: 34,000
- ಸಾಮಾನು ಸೈಟಿಗೆ ಬಂದು ನಾವು ನೋಡಿದ ಮೇಲೆ 30%: 1,02,000
- ಕ್ಯಾಬಿನೆಟ್‌ಗಳ ಪೆಟ್ಟಿಗೆ ಗೋಡೆಗೆ ಕೂತ ಮೇಲೆ 30%: 1,02,000
- ಬಾಗಿಲು, ಕಟ್ಟೆ ಕಲ್ಲು, ಪ್ಲಂಬಿಂಗ್ ಮುಗಿದ ಮೇಲೆ 20%: 68,000
- ಎಲ್ಲಾ ಮುಗಿದು 30 ದಿನ ಬಳಸಿ ನೋಡಿದ ಮೇಲೆ 10%: 34,000

ಬಾತ್‌ರೂಮ್ ಆದ್ರೆ ಒಂದು ಹಂತ ಕಡ್ಡಾಯ: ವಾಟರ್‌ಪ್ರೂಫಿಂಗ್ ಆದಮೇಲೆ, ಟೈಲ್ಸ್ ಹಾಕೋ ಮುಂಚೆ, 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಅದು ಪಾಸಾದ ಮೇಲೆ ಮುಂದಿನ ಕಂತು.

ಇಲ್ಲಿ ಅವನ ಕಡೆಯಿಂದಲೂ ಯೋಚಿಸಿ. ಬಡಗಿಗಳಿಗೆ, ಕೂಲಿಯವರಿಗೆ ಅವನು ವಾರಕ್ಕೊಮ್ಮೆ ದುಡ್ಡು ಕೊಡಬೇಕು. ಅಡ್ವಾನ್ಸ್ ಕೊಡಲ್ಲ, ಎಲ್ಲಾ ಕೊನೆಯಲ್ಲೇ ಅಂದ್ರೆ ಒಳ್ಳೇ ಕಂಟ್ರಾಕ್ಟರ್ ಒಪ್ಪಲ್ಲ, ಒಪ್ಪಿದವನು ಅರ್ಧಕ್ಕೆ ಬಿಟ್ಟು ಹೋಗ್ತಾನೆ. ಹಂತಗಳು ಚಿಕ್ಕದಾಗಿರಲಿ, ಹಂತ ಮುಗಿದ ದಿನವೇ ದುಡ್ಡು ಹೋಗಲಿ. ನಾವು ಸರಿಯಾಗಿ ಕೊಟ್ಟರೆ ಮಾತ್ರ ಸರಿಯಾಗಿ ಕೇಳಬಹುದು.

4. ಬದಲಾವಣೆಗೆ ಒಂದು ಮೆಸೇಜ್

ನನ್ನ ಪಟ್ಟಿಯಲ್ಲಿ ಕೊನೆಯ 75,400 ಇದೆಯಲ್ಲ, ಅದಕ್ಕೆ ಪೂರ್ತಿ ನಾವೇ ಹೊಣೆ. “ಹಾಲ್‌ಗೆ ಫಾಲ್ಸ್ ಸೀಲಿಂಗೂ ಮಾಡಿಬಿಡಿ”, “ಇಲ್ಲೊಂದು ಪಾಯಿಂಟ್ ಕೊಡಿ”. ಹೇಳೋಕೆ ಐದು ಸೆಕೆಂಡ್. ಬೆಲೆ ಗೊತ್ತಾಗಿದ್ದು ಕೊನೆಯ ಬಿಲ್‌ನಲ್ಲಿ. ಅದೂ ಕ್ಯಾಶ್, ರಸೀದಿ ಇಲ್ಲ.

ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಸೇರಿಸಿ: “ಬರಹದಲ್ಲಿ ಒಪ್ಪಿಗೆ ಇಲ್ಲದ ಹೆಚ್ಚುವರಿ ಕೆಲಸಕ್ಕೆ ದುಡ್ಡು ಕೊಡುವುದಿಲ್ಲ.” ಒಪ್ಪಿಗೆ ಅಂದ್ರೆ ಒಂದು ವಾಟ್ಸಾಪ್ ಮೆಸೇಜ್ ಸಾಕು, ಆದರೆ ಅದರಲ್ಲಿ ಮೂರು ವಿಷಯ ಇರಬೇಕು: ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಹೆಚ್ಚು. “ಚಿಮಣಿ ಪಕ್ಕ ಒಂದು ಹೆಚ್ಚುವರಿ ಶೆಲ್ಫ್, 4,500 ರೂ., 1 ದಿನ. ಓಕೆನಾ?” ಓಕೆ ಬಂದ ಮೇಲೆ ಕೆಲಸ. ಅಡುಗೆಮನೆಯಲ್ಲಿ ಇಂಥ ಎರಡೇ ಬದಲಾವಣೆ ಆದವು, 12,000 ಹೆಚ್ಚಾಯ್ತು. 3,40,000 ಇದ್ದಿದ್ದು 3,52,000ಕ್ಕೆ ಮುಗೀತು. ಬೆಲೆ ಎದುರಿಗೆ ಬಂದಾಗ ಮೂರು ಆಸೆಗಳನ್ನ ನನ್ನ ಹೆಂಡತಿಯೇ “ಬೇಡ ಬಿಡಿ” ಅಂದಳು.

ಹೊರಗಿನ ಊರಲ್ಲಿರೋ ನಮಗೆ ಇನ್ನೊಂದು ಮಾತು. ಅಗ್ರಿಮೆಂಟ್ ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬರೆದು ಹೆಮ್ಮೆಪಡಬೇಡಿ. ಅವನು ಓದೋ ಭಾಷೆಯಲ್ಲಿ, ಮರಾಠಿಯೋ ಹಿಂದಿಯೋ ತೆಲುಗೋ ತಮಿಳೋ, ಅದರಲ್ಲೂ ಒಂದು ಪ್ರತಿ ಮಾಡಿ. ಸಹಿಗೆ ಮುಂಚೆ ಜೊತೆಗೆ ಕೂತು ಗಟ್ಟಿಯಾಗಿ ಓದಿ. ನಮ್ಮ ಅಡುಗೆಮನೆ ಕಂಟ್ರಾಕ್ಟರ್ ಹಾಗೆ ಓದುವಾಗಲೇ “ಸರ್, ಗ್ಯಾಸ್ ಪೈಪ್ ಜರುಗಿಸೋದು ನಂದಲ್ಲ” ಅಂದ. ಅದು ಗೊತ್ತಾಗಬೇಕಾದ ದಿನ ಅದೇ.

5. ತಡವಾದರೆ

ಮುಗಿಯುವ ತಾರೀಖು ಬರೆಯಿರಿ. ಮೀರಿದರೆ ದಿನಕ್ಕೆ ಎಷ್ಟು ಕಡಿತ ಅಂತಲೂ ಬರೆಯಿರಿ. ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 74 ಪ್ರಕಾರ, ಮೊದಲೇ ಒಪ್ಪಿಕೊಂಡ ಮೊತ್ತವನ್ನ ಮೀರದ ಹಾಗೆ ಸಮಂಜಸವಾದ ಪರಿಹಾರ ಸಿಗುತ್ತೆ. ಹಾಗಾಗಿ ಹೆದರಿಸೋಕೆ ದಿನಕ್ಕೆ 10,000 ಅಂತ ಬರೆದು ಉಪಯೋಗ ಇಲ್ಲ. ನಿಮ್ಮ ನಿಜವಾದ ನಷ್ಟ ಬರೆಯಿರಿ. ನನ್ನ ಬಾಡಿಗೆ 24,000 ಆದರೆ ದಿನಕ್ಕೆ 800. ಸೊಸೈಟಿ ಕೆಲಸ ನಿಲ್ಲಿಸಿದರೆ, ನೀವೇ ಟೈಲ್ಸ್ ಆರಿಸೋಕೆ ಎರಡು ವಾರ ತಗೊಂಡರೆ, ಆ ದಿನಗಳು ಲೆಕ್ಕಕ್ಕಿಲ್ಲ ಅಂತಲೂ ಸೇರಿಸಿ. ಅದು ನ್ಯಾಯ.

6. ಜಗಳ ಆದರೆ ಕೈಯಲ್ಲಿ ಏನಿರಬೇಕು

ಬಾಯಿಮಾತಿನ ಕರಾರೂ ಕಾನೂನಿನಲ್ಲಿ ಕರಾರೇ. ಸಾಬೀತು ಮಾಡೋದೇ ಕಷ್ಟ. ಇಮೇಲ್, ಮೆಸೇಜ್ ಮೂಲಕ ಆದ ಒಪ್ಪಂದವನ್ನ ಅದು ಎಲೆಕ್ಟ್ರಾನಿಕ್ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋ ಹಾಗಿಲ್ಲ, ಐಟಿ ಕಾಯ್ದೆ 2000ರ ಸೆಕ್ಷನ್ 10ಎ ಹಾಗೆ ಹೇಳುತ್ತೆ. ಆದ್ದರಿಂದ ಚಾಟ್ ಅಳಿಸಬೇಡಿ, ಫೋನ್ ಬದಲಿಸುವಾಗ ಬ್ಯಾಕಪ್ ತಗೊಳ್ಳಿ. ಸ್ಟ್ಯಾಂಪ್ ಪೇಪರ್ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮೂರಿನದು ವಿಚಾರಿಸಿ.

“ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸರ್” ಅನ್ನೋ ಮಾತು ನಿಮಗೂ ಬರುತ್ತೆ. ಅದು ತೆರಿಗೆ ತಪ್ಪಿಸೋದು, ಅಷ್ಟೇ ಅಲ್ಲ, ನಾಳೆ ಜಗಳ ಆದಾಗ ದುಡ್ಡು ಕೊಟ್ಟ ಸಾಕ್ಷಿಯನ್ನೂ ನೀವೇ ಕೈಯಾರೆ ಅಳಿಸಿದ ಹಾಗೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ನಮ್ಮಂಥವರಿಗೆ ಉಪಯೋಗದ ಅಂಶ ಇನ್ನೊಂದಿದೆ: ದೂರು ಕೊಡುವವರು ವಾಸ ಮಾಡೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಹುಬ್ಬಳ್ಳಿಯ ಮನೆಯ ರಿಪೇರಿಯನ್ನ ನೀವು ಚೆನ್ನೈನಿಂದ ಮಾಡಿಸಿ ಮೋಸ ಹೋದರೆ ಚೆನ್ನೈನಲ್ಲೇ ಕೇಸ್ ಹಾಕಬಹುದು. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಯದಾಗಿ

ಇಷ್ಟೆಲ್ಲಾ ಬರೆದರೂ ಹಳೇ ಮನೆಯ ಗೋಡೆ ಒಡೆದಾಗ ಏನಾದರೂ ಒಂದು ಹೊರಗೆ ಬಂದೇ ಬರುತ್ತೆ. ಅದಕ್ಕೆ ಬಜೆಟ್‌ನ 10% ಪಕ್ಕಕ್ಕಿಡಿ. ಇಟ್ಟಿದ್ದೀರಿ ಅಂತ ಕಂಟ್ರಾಕ್ಟರ್‌ಗೆ ಮಾತ್ರ ಹೇಳಬೇಡಿ.

“ಇಷ್ಟೆಲ್ಲಾ ಬರೆಸಿದ್ರೆ ಅವರಿಗೆ ಬೇಜಾರಾಗಲ್ವಾ?” ಅಂತ ಅಪ್ಪ ಕೇಳಿದ್ರು. ಅಡುಗೆಮನೆ ಮಾಡಿದವನು ಮೊನ್ನೆ ಫೋನ್ ಮಾಡಿ, ಆ ಅಗ್ರಿಮೆಂಟ್‌ನ ಫೈಲ್ ಕಳಿಸಿ ಸರ್, ಬೇರೆ ಗಿರಾಕಿಗಳಿಗೂ ಅದನ್ನೇ ಬಳಸ್ತೀನಿ ಅಂದ. ಕೊನೆಯ ಬಿಲ್ ದಿನ ಜಗಳ ಆಗಲಿಲ್ಲ ಅನ್ನೋದು ಅವನಿಗೂ ಲಾಭವೇ.

ಅಪ್ಪನ ಎಫ್‌ಡಿಗೆ ತಿಂಗಳು ತಿಂಗಳು ಸ್ವಲ್ಪ ವಾಪಸ್ ಹಾಕ್ತಾ ಇದ್ದೀನಿ, ಇನ್ನೂ ಮುಗಿದಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗೋದು ಬೇಡ. ಕೊಟೇಶನ್ ಕೈಯಲ್ಲಿದ್ದರೆ ಇವತ್ತೇ ತೆಗೆದು ನೋಡಿ, “ಕಂಪ್ಲೀಟ್” ಅನ್ನೋ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಅಡಿಗೆರೆ ಎಳೀರಿ. ಸಹಿ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆಗಳು ಅಲ್ಲೇ ಇವೆ.

ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.